ಮುಖಕ್ಕೆ ಹಿಡಿಯದ ಬಣ್ಣ

ಹಲೋ... ಹಲೋ, ಯಾರ್ ಮಾತಾಡ್ಲತ್ತೀರ್ರಿ?... ಅಕ್ತರಬೀ ಚಾಚಿ ಏನ್ರಿ? ಸಲಾಂ ಚಾಚಿ. ಉಸ್ತಾದ ಎಲ್ಲಿ ಹ್ವಾದ್ರು, ಅವರ ಫೋನು ನೀವ್ ಎತ್ತೀರಲ್ಲ...

ನಾನ್ರಿ, ರಾಜರತ್ನ. ಭಾಲ್ಕಿ ರಾಜರತ್ನ. ಕಪಾಟಿಗಿ ಬಣ್ಣ ಹೊಡೀತಾನಲ್ಲ, ನಿಮ್ಮ ಮನಿ ಹಸರ ಕಪಾಟು ನಾನೇ ಹೊಡ್ದಿದ್ದು... ಹಾಂ, ಅವನೇ. ನಂಬರ ಬ್ಯಾರೆ ಅದರಿ, ತಂಗಿ ಆಮ್ರಪಾಲಿದು. ನಂದು ತಿನ್ನರ ಡಬ್ಬ್ಯಾಗ ಬಿತ್ತು... ನಗಬ್ಯಾಡ್ರಿ ಚಾಚಿ, ನಗೋ ಹಾಂಗಿಲ್ಲ ನಾನು...

ಕಣ್ಣಿಗಿ ಪಟ್ಟಿ ಕಟ್ಯಾರ? ಯಾವಾಗ ಆಯ್ತು ಆಪರೇಷನ್ನು?... ಕಣ್ಣಿನ ಪೊರಿ, ಮೋತಿಬಿಂದು ಏನ್ರಿ. ನನಗ ಗೊತ್ತೇ ಇಲ್ಲ ನೋಡ್ರಿ. ಉಸ್ತಾದಗ ಬಂದು ಹೋಗ್ರಿ ಅಂತ ಕೇಳಬೇಕು ಅಂತಿದ್ದೆ... ಇಲ್ಲ ಇಲ್ಲ, ಕರಿಯಲ್ಲ. ಮಾತಾಡಬಹುದಲ್ರಿ? ಬಾಯಿಗಿ ಪಟ್ಟಿ ಕಟ್ಟಿಲ್ಲಲ್ಲ... ಹಾಂ, ಕೊಡ್ರಿ.

ಸಲಾಂ ಉಸ್ತಾದ. ಹ್ಯಾಂಗದ್ರಿ ಕಣ್ಣು?... ಹಾಂ... ಹಾಂ... ಧೂಳಿನಾಗ ತಿರಗಬ್ಯಾಡ ಅಂದ್ರ ಬಿದರದಾಗ ಇರಬ್ಯಾಡ ಅಂದಂಗೇ ಆಯ್ತಲ್ರಿ... ನಂದೇನು ಕೇಳ್ತೀರಿ, ನಾನು ಮುಳುಗೀನಿ. ಪೂರಾ ಮುಳುಗೀನಿ...

ಭಾಲ್ಕ್ಯಾಗ ಇಲ್ರಿ. ಊರಾಗ ಇದ್ದೀನಿ, ಖಟಕ ಚಿಂಚೋಳ್ಯಾಗ, ನಮ್ಮ ಓಣಿ ಬುದ್ಧ ವಿಹಾರದಾಗ. ಅದೇ ಬುದ್ಧನ ಮೂರ್ತಿ, ಹೇಳಿದ್ನಲ್ಲ... ಉದಗೀರದಿಂದ ಬಂದದ್ದು, ಫೈಬರಿಂದು. ಕೂತ ಬುದ್ಧ, ಕೂತ್ರೂ ನನ್ನ ಎದಿಮಟ ಬರ್ತದ. ನಮ್ಮವ್ವ ದಾನ ಕೊಟ್ಟಿದ್ದು, ಅಪ್ಪನ ಹೆಸರಿಲೆ... ನಾಳೆ ಮುಂಜಾನಿ ಕೂಡಸಾದು ಅದ. ಬುದ್ಧ ಪೂರ್ಣಿಮಾ ಅಲ್ಲೇನ್ರಿ ನಾಳೆ. ಔರಾದದಿಂದ ಭಂತೇಜಿ, ನಮ್ಮ ಭಿಕ್ಷುಗಳು, ಹೊಂಟಾರ, ಮಂದಿಗೆಲ್ಲ ಹೇಳ್ಯಾರ. ಹೊರಗ ಪೆಂಡಾಲ ಕಟ್ಲತ್ತಾರ, ಗೂಟ ಬಡಿಯೋ ಸಪ್ಪಳ ನಿಮಗೂ ಕೇಳ್ತಿರಬೇಕು...

ಆಗಿಲ್ರಿ. ಅದೇ ಹೇಳ್ಲತ್ತೀನಿ, ಬಣ್ಣ ಆಗಿಲ್ಲ...

ಪುರಸೊತ್ತಿಲ್ಲ ಅಂತಲ್ರಿ, ಹಿಡೀವಲ್ದು. ಬಿದ್ದ ಕೂಡ್ಲೇ ಬಣ್ಣ ಹಿಂದ ಸರೀತದ. ಸಣ್ಣ ಸಣ್ಣ ಗುಂಡು ತೂತು, ಒಳಗಿನ ಬಿಳಿ ಕಾಣ್ತದ... ಹೌದ್ರಿ, ಫಿಶ್ ಐ. ಅದೇ. ಸಿಡುಬು ಎದ್ದ ಮಾರಿ ಇದ್ದಂಗ ಆಗ್ಯದ. ಮುಂಜಾನಿ ಹೊಡೀತೇನಿ, ತೂತು ಬೀಳ್ತಾವ. ಸಂಜಿಗಿ ಪಾಲಿಶ್ ಪೇಪರಿಲೆ ತಿಕ್ಕಿ ತಗದು ಮನಿಗಿ ಹೋಗ್ತೇನಿ. ಮರದಿನ ಹೊಡೀತೇನಿ, ಮತ್ತ ಅದೇ. ವಾರ ಪೂರಾ ಇದೇ ನಡದದ...

ಬೈರಿ. ಮೊದಲ ಬೈದು ಮುಗಸ್ರಿ, ಆಮ್ಯಾಲ ಕೇಳ್ರಿ...

ಬಣ್ಣ ಉಗಳೋ ಗನ್ನಿಗಿ ಹವಾ ಎಲ್ಲಿಂದ ಅಂದ್ರ... ಪಂಢರಿ ಮಶೀನು. ಇಲ್ಲಿ ಪಂಕ್ಚರ್ ಅಂಗಡಿ ಇಟ್ಟಾನಲ್ಲ, ಅವನದು. ನಂದು ದೊಡ್ಡ ಕಂಪ್ರೆಸರ ಭಾಲ್ಕ್ಯಾಗ ನೆಲಕ್ಕ ಬೋಲ್ಟ ಹಾಕಿದ್ದು, ಕಿತ್ತು ತರಾಕ ಆಗ್ತದೇನ್ರಿ... ಗೊತ್ತದ್ರಿ. ಟಯರಿನ ಹವಾ ಬ್ಯಾರೆ, ಗನ್ನಿನ ಹವಾ ಬ್ಯಾರೆ. ಟಯರ್ ತುಂಬಿದ್ರ ಮುಗೀತು, ಗನ್ನಿಗಿ ಒತ್ತಿ ಹಿಡಿಯೋ ತನಕ ಒಂದೇ ಸಮ ಬರ್ತಿರಬೇಕು. ನೀವೇ ಕಲಿಸಿದ್ದು ನನಗೇ ಹೇಳ್ತೀರಿ... ಅದಕ್ಕೇ ಸಣ್ಣ ಗನ್ನು ತಗೊಂಡೀನಿ, ಅದು ಹವಾ ಕಡಿಮಿ ಕುಡೀತದ. ನೀವ್ ಕೊಟ್ಟಿದ್ದೇ, ಮ್ಯಾಲ ಸಣ್ಣ ಕಪ್ಪು ಇರೋದು...

ದೊಡ್ಡ ಗನ್ನು ಮಾರಿಗಿ ಯಾಕ ಹಿಡೀಲ್ರಿ. ಅದು ಕಪಾಟಿನ ಬಾಗಲಿಗಿ. ಕಪಾಟಿಗಿ ಮೂಗು ಇರ್ತದೇನು, ತುಟಿ ಇರ್ತದೇನು. ಅಡ್ಡ ಹೊಡಿ, ಉದ್ದ ಹೊಡಿ, ಮುಗೀತು. ಜಲ್ಮ ಪೂರಾ ಸಪಾಟ ಬಾಗಲ ಹೊಡದವನ ಕೈಗಿ ಬುದ್ಧನ ಮಾರಿ ಕೊಟ್ಟಾರ...

ನಾ ಯಾಕ ಒಪ್ಪಿದೆ ಅಂತ ಕೇಳ್ತೀರಿ. ಉದಗೀರದಾಗ ಮೂರ್ತಿ ಮಾಡಿದವ ಬಣ್ಣ ಹೊಡದೇ ಕೊಡ್ತೇನಿ ಅಂದಿದ್ದ. ನಮ್ಮವ್ವ ಹಟ ಹಿಡದ್ಳು. ಕೂಲಿ ಮಾಡಿ ಮೂರ್ತಿ ನಾ ಕೊಟ್ಟೀನಿ, ಬಣ್ಣ ನನ್ನ ಮಗನ ಕೈಲಿಂದ ಆಗ್ಲಿ ಅಂದ್ಳು. ಶೇವಂತಾಬಾಯಿ ಹಟ ನಿಮಗೇನು ಗೊತ್ತು. ಓಣಿ ಓಣಿ ಹೇಳ್ಕೊಂಡು ಬಂದಾಳ, ನನ್ನ ರಾಜ್ಯಾ ಬುದ್ಧನ್ನ ಬಂಗಾರ ಮಾಡ್ತಾನ ಅಂತ...

ಹಾಂ, ಮಶೀನಿನ ಟಾಕಿ ತಳದ ಕಾಕ, ನೀರು ಬಿಡೋ ತಿರುಪು, ಬಿಚ್ಚೀನಿ, ಮೊದಲ ಅದೇ ಮಾಡೀನಿ. ಏನ್ ಬಂತು ಅಂತ ಕೇಳಬ್ಯಾಡ್ರಿ. ಕೆಂಪು ನೀರು, ಮ್ಯಾಲ ಎಣ್ಣಿ. ಪಂಢರಿ ಮಶೀನು ತಂದಾಗಿಂದ ಅದನ್ನ ಮುಟ್ಟೇ ಇಲ್ಲ. ಬಿಚ್ಚಿದ್ರ ಹವಾ ಹೋಗ್ತದಲ್ಲೋ ಅಣ್ಣಾ ಅಂತಾನ. ಕೂಡಿಟ್ಟ ಹವಾ ಕಳೀಬಾರ್ದಂತ... ನಗ್ರಿ, ನೀವರೆ ನಗ್ರಿ. ಈಗ ನಾ ದಿನಾ ಹೊತ್ತು ಹೊತ್ತಿಗಿ ಬಿಚ್ಚಿ ನೀರು ಬಿಡ್ಲತ್ತೀನಿ...

ಫಿಲ್ಟರ ಹಾಕೀನಿ. ನಿಮ್ಮ ಅಂಗಡಿದೇ, ಹೊಸಾದು... ಮಶೀನಿಗಿ ಹತ್ತಿಸಿ ಇಟ್ಟಿಲ್ರಿ, ಅಷ್ಟೂ ಬುದ್ಧಿ ಇಲ್ಲೇನು ನನಗ. ಬಿಸಿ ಹವಾದಾಗ ನೀರು ಹಾಂಗೇ ದಾಟಿ ಬರ್ತದ, ತಣ್ಣಗಾದ ಮ್ಯಾಲೇ ಫಿಲ್ಟರಿನಾಗ ನಿಲ್ತದ. ಪೈಪಿನ ಈ ತುದಿಗಿ, ಗನ್ನಿನ ಕಡಿ ಹಾಕೀನಿ. ಪೈಪೂ ಹೊಸಾದು. ಮಶೀನು ಹೊರಗ ಬೇವಿನ ಗಿಡದ ನೆಳ್ಳಿಗಿ ಇಟ್ಟೀನಿ, ಮೂರ್ತಿಗಿಂತ ಅದಕ್ಕೇ ಹೆಚ್ಚು ಸೇವಾ ಆಗ್ಲತ್ತದ...

ಬಿಳಿ ಕಾಗದ? ಮಾಡೀನ್ರಿ. ಬಣ್ಣ ಹಾಕದೇ ಖಾಲಿ ಹವಾ ಕಾಗದದ ಮ್ಯಾಲ ಬಿಟ್ಟು ನೋಡೀನಿ. ಮೊದಲ ದಿನ ಎಣ್ಣಿ ಚುಕ್ಕಿ ಬಿದ್ದಿದ್ವು, ಖರೇ. ಪಂಢರಿ ಮಶೀನಿನ ರಿಂಗ ಸವದದ, ಎಣ್ಣಿ ಉಗಳ್ತದ. ಅದಕ್ಕೇ ಅಲ್ಲೇನ್ರಿ ಫಿಲ್ಟರ ತಂದಿದ್ದು. ಆಮ್ಯಾಲ ಒಂದು ಚುಕ್ಕಿ ಇಲ್ಲ... ಈಗ? ಈಗೇ ಮಾಡ್ಲೇನು? ಹಿಡ್ಕೋರಿ ಫೋನು. ಆಮ್ರಪಾಲಿ, ಒಂದು ಖಾಲಿ ಕಾಗದ ಕೊಡು. ಗೋಡಿಗಿ ಒತ್ತಿ ಹಿಡಿ... ಹವಾದ ಸಪ್ಪಳ ಕೇಳ್ತದಲ್ರಿ?... ಇನ್ನಾ ಬಿಡ್ಲತ್ತೀನಿ... ಹಾಂ, ಕಿಡಕಿ ಹತ್ರ ಬಿಸಲಿಗಿ ಹಿಡದು ನೋಡಿದೆ. ಏನೂ ಇಲ್ರಿ. ಮುಟ್ಟಿದ್ರೂ ಜಿಡ್ಡಿಲ್ಲ...

ಹವಾ ಛಲೋ ಅದ ಅಂದ್ರ ಗನ್ನಿಂದೇ ಅಂತೀರಿ... ತೊಳದೀನ್ರಿ, ದಿನಾ ತೊಳದೀನಿ. ತಿನ್ನರಿನಾಗ ಮುಳುಗಿಸಿ ಇಟ್ಟಿಲ್ಲ, ಒಳಗಿನ ವಾಷರ ಉಬ್ತಾವ. ಕಪ್ಪಿನಾಗ ತಿನ್ನರ ಹಾಕಿ ಹೊಡದು, ಮುಂದಿನ ಕ್ಯಾಪ ಬಿಚ್ಚಿ ಬ್ರಶ್ಶಿಲೆ ತೊಳದೀನಿ... ಕ್ಯಾಪಿನ ತೂತಿಗೇನು?... ತೂತಿಗಿ ಒಂದ್ ಸಲ ಪಿನ್ನು ಹಾಕೀನಿ. ಅವ್ವನ ಸೀರಿ ಪಿನ್ನು... ಗೊತ್ತು. ಗೊತ್ತದ್ರಿ ಉಸ್ತಾದ. ತೂತು ಅಗಲ ಆದ್ರ ಬಣ್ಣದ ಹೊಡ್ತ ಸೊಟ್ಟ ಬೀಳ್ತದ. ಹಲ್ಲು ಚುಚ್ಚೋ ಕಡ್ಡಿ ಇರಲಿಲ್ಲ, ಪಿನ್ನಿತ್ತು, ಹಾಕಿದೆ. ಆಮ್ಯಾಲ ರಟ್ಟಿನ ಮ್ಯಾಲ ಹೊಡದು ನೋಡೀನಿ, ಹೊಡ್ತ ಬರೋಬ್ಬರಿ ಅದ. ಉದ್ದನ ತತ್ತಿ ಆಕಾರ, ಎರಡೂ ಕಡಿ ಸಮ... ಹೊಡ್ತ ಸೊಟ್ಟ ಆದ್ರ ಬಣ್ಣ ಒಂದು ಕಡಿ ಹೆಚ್ಚು ಒಂದು ಕಡಿ ಕಡಿಮಿ ಬೀಳ್ತದ, ಬಣ್ಣದಾಗ ತೂತು ಯಾಕ ಬೀಳ್ಬೇಕು?... ಹಾಂ, ಅದೇ ನಾನೂ ಅಂದಿದ್ದು.

ಹವಾ ಎಷ್ಟು ಬಿಟ್ಟೀನಿ ಅಂದ್ರ, ಟಾಕಿ ಮ್ಯಾಲಿನ ಮೀಟರಿನ ಮುಳ್ಳು ನೋಡಿಲ್ರಿ. ಗನ್ನು ಒತ್ತಿ ಹಿಡದು ಗನ್ನಿನ ಬುಡದ ಮೀಟರಿನಾಗ ನೋಡೀನಿ. ಹಾಂ, ಕಡಿಮಿನೇ ಇಟ್ಟೀನಿ, ಮಾರಿಗಿ ಹೆಚ್ಚು ಬ್ಯಾಡ ಅಂತ... ತಿನ್ನರ ಬದಲಿ ಮಾಡೀನಿ. ಈ ಬ್ಯಾಸಗಿ ಬಿಸಲಿಗಿ ಬಣ್ಣ ಗಾಳ್ಯಾಗೇ ಆರ್ತದ ಅಂತ ಮೆಲ್ಲಕ ಆರೋ ತಿನ್ನರ ತಂದೀನಿ. ಬಣ್ಣದ ಡಬ್ಬಿನೂ ಬದಲಿ ಮಾಡೀನಿ. ಇನ್ನ ಬದಲಿ ಮಾಡಾಕ ನಾನೊಬ್ಬ ಉಳದೀನಿ...

ಏನ್ರಿ?... ಮೈ? ಮೈಗಿ ಏನೂ ಆಗಿಲ್ಲ, ಛಲೋ ಹಿಡದದ. ಚೀವರ ಹೊದ್ದಾನಲ್ಲ, ಅದರ ಒಂದೊಂದು ಮಡಿಕಿ ಬಂಗಾರ ಆಗ್ಯದ. ನೀವು ನೋಡಿದ್ರ ಬೆನ್ನು ಚಪ್ಪರಸ್ತಿದ್ರಿ... ಹೌದು, ಅದೇ ಗನ್ನು. ಅದೇ ಹವಾ, ಅದೇ ಡಬ್ಬಿ, ಅದೇ ದಿನ... ಮಾರಿಗಿ ಅಷ್ಟೇ ಹಿಡೀವಲ್ದು...

ನಿಂದರ್ರಿ, ಪಾದಕ್ಕೂ ಆಗ್ಯದ. ಮಡಚಿದ ಪಾದದ ಮ್ಯಾಲ ಒಂದಿಷ್ಟು ತೂತು ಅವ. ಮಾರಿ ಮತ್ತ ಪಾದ. ಬ್ಯಾರೆ ಎಲ್ಲೂ ಇಲ್ಲ...

ಯಾಕ ಅಂದ್ರ ನಾ ಏನ್ ಹೇಳ್ಲಿ, ಅದನ್ನ ಕೇಳಾಕೇ ನಿಮಗ ಫೋನ್ ಹಚ್ಚೀನಿ...

ಹಾಂ... ಹವಾಕ್ಕ ಮಾರಿ ಯಾವುದು, ಮೈ ಯಾವುದು ತಿಳೀತದೇನು ಅಂತೀರಿ. ಇಲ್ಲ, ತಿಳಿಯಲ್ಲ. ಹವಾ ಕೆಟ್ಟದಿದ್ರ ಎಲ್ಲಾ ಕಡಿ ಕೆಡಬೇಕು... ಹಂಗಂದ್ರ ಹವಾದ್ದಲ್ಲ, ಗನ್ನಿಂದಲ್ಲ. ಮೂರ್ತಿ ಮ್ಯಾಲೇ ಏನೋ ಹತ್ತ್ಯದ ಅಂತೀರಿ...

ಯಾರ್ ಮುಟ್ತಾರ್ರಿ? ವಿಹಾರಕ್ಕ ಕೀಲಿ ಹಾಕ್ತೇವಿ. ನಾನು, ಮತ್ತ ಆಮ್ರಪಾಲಿ. ಭಾಲ್ಕ್ಯಾಗ ಟೀಚರ ಅದಾಳಲ್ಲ, ಸಾಲಿ ರಜಾ ಅಂತ ಬಂದಾಳ. ಇಬ್ಬರೇ. ಕೀಲಿ ಅವ್ವನ ಬಲ್ಲಿ ಇರ್ತದ...

ಅವ್ವ ಏನ್ ಮಾಡ್ತಾಳ್ರಿ. ಬಂದು ಕೂಡ್ತಾಳ, ಪಂಚಶೀಲ ಅಂತಾಳ, ಮೇಣಬತ್ತಿ ಹಚ್ತಾಳ. ಅದನ್ನೂ ಹೊರಗ ಹಚ್ಚು ಅಂತ ಬೈದೀನಿ, ತಿನ್ನರ ಅದ ಅಂತ. ಮೇಣ ಹಾರಿ ಮಾರಿಗಿ ಹತ್ತಿತೇನು...

ಮೂಸಿ ನೋಡ್ಲಿ? ಮಾರಿ?... ನಿನ್ನಿ ಸಂಜಿಗಿ ತಿಕ್ಕಿ ಬಿಟ್ಟಿದ್ದು, ಇವತ್ತಿನ್ನೂ ಹೊಡದಿಲ್ಲ. ನಿಮಗ ಫೋನ್ ಹಚ್ಚಿ ಹೊಡೀಬೇಕು ಅಂತಿದ್ದೆ... ನನ್ನ ಮೂಗಿಗಿ ತಿನ್ನರ ಬಿಟ್ಟು ಬ್ಯಾರೆ ವಾಸನಿ ಬರ್ತದೇನ್ರಿ ಈಗ. ಆಮ್ರಪಾಲಿ, ಇಲ್ಲಿ ಬಾ. ಬುದ್ಧನ ಗಲ್ಲ ಮೂಸಿ ನೋಡು. ಮೂಸು ಅಂದ್ರ ಮೂಸು, ಉಸ್ತಾದ ಹೇಳ್ಲತ್ತಾರ... ಏನ್ ವಾಸನಿ?... ಏನು?...

ಕೊಬ್ಬರಿ ಎಣ್ಣಿ ಅಂತಾಳ್ರಿ.

ಇಲ್ರಿ, ಇಲ್ಲೇ ಇದ್ದೀನಿ... ಆಮ್ರಪಾಲಿ, ಯಾಕ ಕೆಳಗ ನೋಡ್ತಿ? ನಿನಗ ಗೊತ್ತಿತ್ತೇನು?... ಉಸ್ತಾದ, ಜರಾ ತಡೀರಿ, ಅಕಿ ಏನೋ ಹೇಳ್ಲತ್ತಾಳ...

ಉಸ್ತಾದ, ಕೇಳ್ರಿ. ದಿನಾ ಸಂಜಿಗಿ, ನಾ ತಿಕ್ಕಿ ಮನಿಗಿ ಹ್ವಾದ ಮ್ಯಾಲ, ಅವ್ವ ಕೀಲಿ ತಗದು ಒಳಗ ಬರ್ತಾಳಂತ. ಅಂಗೈಯಾಗ ಎಣ್ಣಿ ಹಾಕ್ಕೊಂಡು ಬುದ್ಧನ ಮಾರಿಗಿ ಹಚ್ತಾಳಂತ. ಕೂಸಿನ ಮಾರಿಗಿ ಹಚ್ಚಿದಂಗ, ಹಣಿ, ಗಲ್ಲ, ಕಿವಿ ಹಿಂದ. ಆಮ್ಯಾಲ ಅದೇ ಕೈಲೆ ಪಾದ ಮುಟ್ಟಿ ನಮಸ್ಕಾರ ಮಾಡ್ತಾಳಂತ...

ಯಾಕ ಅಂದ್ರ... ಆಮ್ರಪಾಲಿ ಕೇಳ್ಯಾಳ ಅಕಿಗಿ, ಯಾಕವ್ವ ಅಂತ. ರಾಜ್ಯಾ ದಿನಾ ಪೇಪರ ಹಾಕಿ ತಿಕ್ತಾನ, ಮಾರಿ ಸುಲದಂಗ ಆಗ್ಯದ, ಉರೀತಿರಬೇಕು ಅಂದ್ಳಂತ... ಎಣ್ಣಿ ತಾನೇ, ಏನಾಗ್ತದ ಅಂತ ಇಕಿನೂ ಸುಮ್ಮನಿದ್ದಾಳ. ನನಗ ಯಾರು ಹೇಳಬೇಕು...

ಮೊದಲ ದಿನ ಮಾರಿ ಒಂದೇ ಹೊಡದಿದ್ದೆ, ಅವತ್ತಿಂದು ಪಂಢರಿ ಮಶೀನಿನ ಎಣ್ಣಿ, ಉಸ್ತಾದ. ಆಮ್ಯಾಲಿಂದು ಅವ್ವಂದು. ನಾ ತಿಕ್ಕಿದ್ದಕ್ಕ ಅಕಿ ಹಚ್ಚ್ಯಾಳ. ಅಕಿ ಹಚ್ಚಿದ್ದಕ್ಕ ಬಣ್ಣ ಕೆಟ್ಟದ. ಬಣ್ಣ ಕೆಟ್ಟಿತು ಅಂತ ನಾ ಮತ್ತ ತಿಕ್ಕೀನಿ. ನಾ ಹವಾ ಸೋಸಿಕೋತ ಕೂತೀನಿ ಹೊರಗ...

ಒರಸೀನ್ರಿ. ಹೊಡ್ಯಾಕಿಂತ ಮೊದಲ ತಿನ್ನರ ಅರಿವಿಲೆ ಒರಸೇ ಒರಸ್ತೇನಿ... ಒಂದೇ ಅರಿವಿ. ಹೌದು, ದಿನಾ ಅದೇ ಅರಿವಿ... ಎಣ್ಣಿ ಹೋಗಿಲ್ಲ, ಮಾರಿ ತುಂಬ ಹರವೀನಿ ಅಂತೀರಿ. ಕಪಾಟಿಗಿ ಯಾರ್ರಿ ಕೊಬ್ಬರಿ ಎಣ್ಣಿ ಹಚ್ತಾರ, ನನಗ ಹ್ಯಾಂಗ ಹೊಳೀಬೇಕು...

ಹಾಂ... ಸಾಬೂನಿನ ನೀರಿಲೆ ತೊಳೀಬೇಕು... ಒಂದು ಅರಿವಿಲೆ ಹಚ್ಚಿ, ಒಣಗಾಕಿಂತ ಮೊದಲ ಇನ್ನೊಂದು ಹೊಸಾ ಅರಿವಿಲೆ ತಗೀಬೇಕು... ಒಳಗ ಇಳದಿದ್ರ ಪೂರಾ ತಿಕ್ಕಿ ತಗದು, ಮೊದಲಿಂದ ಪ್ರೈಮರ... ಆಗಲ್ರಿ. ಉಸ್ತಾದ, ಆಗಲ್ಲ. ತಿಕ್ಕಾಕ ಅಲ್ಲಿ ಏನೂ ಉಳದಿಲ್ಲ...

ಅದೇ ನಿಮಗ ಹ್ಯಾಂಗ ಹೇಳಬೇಕು ತಿಳೀವಲ್ದು. ಮಾರಿ ಹೋಗ್ಯದ್ರಿ. ಅರ್ಧಾ ಮುಚ್ಚಿದ ಕಣ್ಣಿತ್ತಲ್ಲ, ಮ್ಯಾಲಿನ ರೆಪ್ಪಿ ಗೆರಿ ಎಷ್ಟು ಸಣ್ಣದಿತ್ತು, ಅದಿಲ್ಲ. ಕಣ್ಣು ಮುಚ್ಚ್ಯಾವೋ ತೆರದಾವೋ ಗೊತ್ತಾಗವಲ್ದು. ತುಟಿ ಅಂಚು ಇಲ್ಲ. ಬಂದ ದಿನ ನಗ್ತಿದ್ದ, ಈಗ ನಗವಲ್ಲ. ಮೂಗಿನ ತುದಿ ಮೊಂಡ ಆಗ್ಯದ. ದಿನಾ ಒಂದಿಷ್ಟೇ ಹೋಗೋದು ಕಣ್ಣಿಗಿ ಕಾಣಲಿಲ್ಲ ನನಗ. ಬುದ್ಧನ ಮಾರಿ ತಿಕ್ಕಿ ತಿಕ್ಕಿ ಕಪಾಟಿನ ಬಾಗಲ ಮಾಡಿಟ್ಟೀನಿ ಉಸ್ತಾದ...

ಉದಗೀರದವಗ ಮುಂಜಾನಿನೇ ಫೋನ್ ಹಚ್ಚಿದ್ದೆ. ಹೊಯ್ದ ಅಚ್ಚು ಒಡದದಂತ. ಹೊಸ ಅಚ್ಚು ಮಾಡಬೇಕು, ಮಳಿಗಾಲ ಕಳೀಲಿ ಅಂತಾನ... ಪುಟ್ಟಿ ಹಾಕಿ ನಾನೇ ಕಣ್ಣು ತುಟಿ ಮಾಡ್ಲೇನ್ರಿ? ನನ್ನ ಕೈಲಿಂದ ಆಗೋ ಮಾತೇನು. ಗೊಂಬಿ ಆಗ್ತದ, ಮಂದಿ ನಗ್ತಾರ...

ಅರಿವಿ ಮುಚ್ಚಿ ಕೂಡಸ್ಲಿ? ಅರಿವಿ ಮುಚ್ಚೇ ಕೂಡಸಾದು ಅದ್ರಿ. ಭಂತೇಜಿ ಬಂದ ಮ್ಯಾಲ ಅರಿವಿ ತಗ್ಯಾದು, ಅದೇ ಕಾರ್ಯಕ್ರಮ. ದಾನ ಕೊಟ್ಟಾಕಿ ಅಂತ ನಮ್ಮವ್ವನ ಕೈಲಿಂದನೇ ತಗಸ್ತಾರಂತ...

ಇಲ್ಲ. ಅಕಿಗಿ ಹೇಳಲ್ಲ. ಹವಾ ಕೆಟ್ಟಿತ್ತು ಅಂತ ಹೇಳ್ತೇನಿ, ಪಂಢರಿ ಮಶೀನಿಂದು ಅಂತ ಹೇಳ್ತೇನಿ. ಪಂಢರಿಗಿ ಎರಡು ಮಾತು ಬೈದ್ರ ಅವ ನಗ್ತಾನ ಅಷ್ಟೇ... ಹೌದ್ರಿ, ಸುಳ್ಳೇ. ಸುಳ್ಳು ಹೇಳಬಾರ್ದು ಅಂತ ದಿನಾ ಪಂಚಶೀಲದಾಗ ಅಂತೇವಿ. ಬುದ್ಧನ ಮುಂದೇ ನಿಂತು ಹೇಳ್ತೇನಿ, ಏನ್ ಮಾಡ್ಲಿ ಮತ್ತ...

ಆಮ್ರಪಾಲಿ, ಯಾಕ ಸನ್ನಿ ಮಾಡ್ಲತ್ತಿ?... ಏನು, ಬಾಗಲ...

ಅವ್ವ.

ಉಸ್ತಾದ, ಅವ್ವ ಬಾಗಲ್ದಾಗೇ ನಿಂತಾಳ್ರಿ. ಯಾವಾಗಿಂದ ನಿಂತಾಳೋ. ಎಲ್ಲಾ ಕೇಳ್ಯಾಳ...

ಅವ್ವ, ಒಳಗ ಬಾ. ಬಾ ಅಂತೇನಲ್ಲ... ಏನೂ ಆಗಿಲ್ಲವ್ವ. ಮಶೀನಿಂದು ಮಾತಾಡ್ಲತ್ತಿದ್ದೆ ಉಸ್ತಾದ ಜೋಡಿ... ಏನಂದಿ?...

ನನ್ನ ಕೈ ಹತ್ತಿ ಕೆಟ್ಟಿತೇನೋ ರಾಜ್ಯಾ ಅಂತ ಕೇಳ್ಲತ್ತಾಳ್ರಿ.

ಕೈ ಅಲ್ಲವ್ವ, ಎಣ್ಣಿ. ಎಣ್ಣಿ ಇದ್ದಲ್ಲಿ ಬಣ್ಣ ಹಿಡಿಯಲ್ಲ. ಯಾರ್ ಹಚ್ಚಿದ್ರೂ ಹಿಡಿಯಲ್ಲ, ನಾ ಹಚ್ಚಿದ್ರೂ ಅಷ್ಟೇ, ಭಂತೇಜಿ ಹಚ್ಚಿದ್ರೂ ಅಷ್ಟೇ. ನಿನ್ನ ಕೈ ಏನ್ ಮಾಡ್ಯದ... ಕೈ ಯಾಕ ಸೆರಗಿನಾಗ ಮುಚ್ಕೋತಿ ಅವ್ವ. ತಗಿ, ಹೊರಗ ತಗಿ ಕೈ...

ಉಸ್ತಾದ, ಅಕಿ ಒಳಗ ಬರವಲ್ಲಳು. ಹೊರಗೇ ಕೂತ್ಳು, ಮಂದಿ ಚಪ್ಲಿ ಬಿಡೋ ಕಡಿ... ನಿಮಗ ಹ್ಯಾಂಗ ಹೇಳ್ಲಿ. ಅಕಿ ಹುಟ್ಟಿದ ಊರಾಗ ನಮ್ಮ ಮಂದಿಗಿ ಬಾವಿ ಹಗ್ಗ ಮುಟ್ಟಗೊಡ್ತಿರಲಿಲ್ಲ, ನಿಮ್ಮ ಕೈ ಹತ್ತಿದ್ರ ನೀರು ಕೆಡ್ತದ ಅಂತಿದ್ರು. ಚಾ ಮ್ಯಾಲಿಂದ ಸುರೀತಿದ್ರು. ಅದನ್ನೆಲ್ಲ ಅಲ್ಲೇ ಬಿಟ್ಟು ಬಂದೀನಿ ಅಂತಿದ್ಳು. ನಮಗಿಬ್ಬರಿಗೂ ಸಾಲಿ ಕಲಿಸ್ಯಾಳ, ನಿಮ್ಮ ಕೈಲಿಂದ ಏನೂ ಕೆಡಲ್ಲ ಅಂತ ಹೇಳಿ ಬೆಳಸ್ಯಾಳ. ಈ ಮೂರ್ತಿ ಗಾಡಿಯಿಂದ ಇಳದ ದಿನ ಎಲ್ಲರಕಿಂತ ಮೊದಲ ಮುಟ್ಟಿದಾಕಿ ಅಕಿನೇ. ಇದು ನಮ್ದು, ಮುಟ್ಟಬಹುದು ಅಂತ ಸಣ್ಣ ಮಕ್ಕಳನ್ನ ಕರದು ಮುಟ್ಟಸಿದ್ಳು...

ಈಗ ಕೈ ತೊಳ್ಕೋಳಾಕ ನೀರು ಕೇಳ್ಲತ್ತಾಳ.

ನಾ ಹೇಳಿದ್ರ ನಂಬವಲ್ಲಳ್ರಿ. ಮಗ ನನ್ನ ಮನಸ್ಸು ಕಾಯಾಕ ಹೇಳ್ತಾನ ಅಂತಾಳ. ಸುಳ್ಳು ಹೇಳ್ತೇನಿ ಅಂದಿದ್ದೂ ಕೇಳ್ಯಾಳಲ್ಲ, ಇನ್ನ ನನ್ನ ಖರೇ ಮಾತು ಹ್ಯಾಂಗ ನಂಬ್ತಾಳ. ನೀವು ಹೇಳ್ರಿ ಉಸ್ತಾದ. ನಿಮ್ಮ ಮಾತು ನಂಬ್ತಾಳ. ಮಾರಿ ಹ್ವಾದ್ರ ಹೋಗ್ಲಿ, ನಾಳೆ ಮಂದಿ ಮುಂದ ನಾ ನಿಂದರ್ತೇನಿ. ಅಕಿಗಿ ಇದೊಂದು ಹೇಳ್ರಿ. ಎಣ್ಣಿದು ಅಂತ, ಬರೇ ಎಣ್ಣಿದು ಅಂತ... ಹಾಂ, ಕೊಡ್ತೇನಿ. ಅವ್ವ, ತಗೋ. ಬಿದರ ಉಸ್ತಾದ ಮಾತಾಡ್ತಾರ. ಹಿಡಿ... ಹಿಡಿಯವ್ವ ಫೋನು...

ಹಿಡೀವಲ್ಲಳ್ರಿ. ಇದೂ ಕೆಡ್ತದ ಅಂತಾಳ.

ನಾನೇ ಅಕಿ ಕಿವಿಗಿ ಹಿಡೀತೇನಿ, ನೀವು ಹೇಳ್ರಿ. ಜರಾ ಜೋರಿಲೆ ಹೇಳ್ರಿ, ಪೆಂಡಾಲದವರು ಬಡೀಲತ್ತಾರ... ಅವ್ವ, ಕೇಳು... ಏನಂದ್ರು? ಉಸ್ತಾದ ಏನಂದ್ರವ್ವ?... ಏನೂ ಕೇಳವಲ್ದು ಅಂದ್ರ?... ಕೊಡು ಇಲ್ಲಿ... ಹಲೋ... ಉಸ್ತಾದ?... ಲೈನ್ ಕಟ್ ಆಯ್ತೇನು?... ಹಲೋ... ಹಲೋ...